ಕಡತ ಬಿಚ್ಚೋರು ಯಾರು?

ಹೋದ ವರ್ಷದ ಒಂದು ಸೋಮವಾರ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿರುವಾಗ ಊರಿಂದ ಅಪ್ಪನ ಫೋನು. ಮ್ಯೂಟ್ ಮಾಡ್ಕೊಂಡು ಎತ್ತಿದೆ. “ಕೇಸು ಯಾವತ್ತಿಗೆ ಹಾಕವ್ರೆ ನೋಡ್ ಮಗ” ಅಂದ್ರು. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆಗೆದೆ. ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಮೊದಲೇ ಸೇವ್ ಆಗಿತ್ತು. ಒಂದು ಸಲ ಒತ್ತಿದ ಕೂಡಲೇ ಮುಂದಿನ ತಾರೀಖು ಬಂತು. ಹೇಳಿದೆ. ಎಲ್ಲಾ ಸೇರಿ ಹತ್ತು ಸೆಕೆಂಡು ಆಗಿರಬಹುದು.

ಇದೇ ಕೆಲಸಕ್ಕೆ ನಮ್ಮ ತಾತ ಒಂದಿಡೀ ದಿನ ಕಳೀತಿದ್ರು. ಅವರದ್ದು ಬೇರೆ ಕೇಸು, ಪಕ್ಕದ ಹೊಲದವರ ಜೊತೆ ಬದುವಿನ ತಕರಾರು. ವೈದ್ಯನಾಥಪುರದಿಂದ ಮದ್ದೂರಿಗೆ ನಡೆದೇ ಹೋಗಿ, ವಕೀಲರ ಗುಮಾಸ್ತರು ಸಿಗೋವರೆಗೂ ಕಾದು, ಅವರು ಡೈರಿ ನೋಡಿ ಹೇಳಿದ ತಾರೀಖನ್ನ ಒಂದು ಚೀಟಿಯಲ್ಲಿ ಬರೆಸ್ಕೊಂಡು ಸಂಜೆ ವಾಪಸ್ ಬರೋರು. ತಾತನಿಗೆ ಓದು ಬರಹ ಇರಲಿಲ್ಲ. ಊರಿಗೆ ಬಂದ ಮೇಲೆ ಆ ಚೀಟಿ ಓದಿ ಹೇಳೋಕೂ ಇನ್ನೊಬ್ಬರು ಬೇಕಿತ್ತು.

ಹತ್ತು ಸೆಕೆಂಡಿನ ಹೆಮ್ಮೆಯಲ್ಲಿ ನಾನಿದ್ದೆ. ಅಪ್ಪ ಇನ್ನೂ ಲೈನಲ್ಲೇ ಇದ್ರು. “ಅದ್ ಸರಿ ಕಣಪ್ಪ, ಶುಕ್ರವಾರ ಒಳಗೆ ಏನಾಯ್ತಂತೆ?”

ಆ್ಯಪ್‌ನಲ್ಲಿ ಇದ್ದದ್ದು ಒಂದೇ ಪದ. ‘ಎವಿಡೆನ್ಸ್’. ಅದರಿಂದ ಅಪ್ಪನಿಗೆ ಏನು ಹೇಳೋದು? ಸಂಜೆ ಫೋನ್ ಮಾಡ್ತೀನಿ ಅಂದೆ. ಆ ಪ್ರಶ್ನೆಗೆ ಕೊನೆಗೆ ಬರ್ತೀನಿ. ಅದಕ್ಕೆ ಮುಂಚೆ ಕೋರ್ಟು, ವಕೀಲರು, ಕಾಗದ ಪತ್ರ ಇವುಗಳ ಜೊತೆ ಯಂತ್ರಗಳು ಹೇಗೆ ಬಂದು ಸೇರ್ಕೊಂಡವು ಅನ್ನೋ ಕಥೆ ಹೇಳಬೇಕು. ಈ ಕೇಸಿನ ನೆಪದಲ್ಲಿ ನಾನು ಓದ್ಕೊಂಡಿದ್ದು ಅದು.

ಕೇಸು ದೊಡ್ಡದೇನಲ್ಲ. ತಾತ ಬದುಕಿದ್ದಾಗಲೇ ಇಬ್ಬರು ಮಕ್ಕಳಿಗೆ ಜಮೀನು ಪಾಲು ಮಾಡಿದ್ರು. ಒಂದೇ ರಾತ್ರಿ, ಒಬ್ಬರೇ ಬರಹಗಾರರು ಪಾಲುಪಾರೀಖತ್ತಿನ ಎರಡು ಪ್ರತಿ ಬರೆದ್ರು. ಒಂದು ಅಪ್ಪನಿಗೆ, ಒಂದು ಚಿಕ್ಕಪ್ಪನಿಗೆ. ತೆಂಗಿನ ಮರದ ಪಕ್ಕದ ತುಂಡು ಚಿಕ್ಕಪ್ಪನಿಗೆ ಎಷ್ಟು ಗುಂಟೆ ಅನ್ನೋ ಕಡೆ ಅಪ್ಪನ ಪ್ರತಿಯಲ್ಲಿ ೬ ಅಂತಿದೆ, ಚಿಕ್ಕಪ್ಪನ ಪ್ರತಿಯಲ್ಲಿ ೯ ಅಂತಿದೆ. ಕನ್ನಡ ಅಂಕಿಗಳು, ಲಾಟೀನಿನ ಬೆಳಕು, ಆತುರದ ಕೈ. ಸುಳಿ ಆ ಕಡೆಗೆ ಸುತ್ತಿದ್ರೆ ಆರು, ಈ ಕಡೆಗೆ ಸುತ್ತಿದ್ರೆ ಒಂಬತ್ತು. ಮುಂದೆ ಖಾತೆ ಮಾಡಿಸೋವಾಗ ಯಾರ ಪ್ರತಿ ಮೊದಲು ಹೋಯ್ತೋ ಅದೇ ಪಹಣಿಗೂ ಹೋಯ್ತು. ವ್ಯತ್ಯಾಸ ಮೂರು ಗುಂಟೆ, ಅಂದ್ರೆ 3,267 ಚದರ ಅಡಿ. ಬೆಂಗಳೂರಲ್ಲಾಗಿದ್ರೆ ಎರಡು 30-40 ಸೈಟು ಆಗಿ ಇನ್ನೂ ಮಿಗೋದು. ಅಪ್ಪ ಸುಳ್ಳು ಹೇಳ್ತಿಲ್ಲ, ಚಿಕ್ಕಪ್ಪನೂ ಸುಳ್ಳು ಹೇಳ್ತಿಲ್ಲ. ಇಬ್ಬರ ಕೈಯಲ್ಲೂ ಅವರಪ್ಪನ ಹೆಬ್ಬೆಟ್ಟಿರೋ ಕಾಗದ ಇದೆ.

ನಮ್ಮ ತಾಲ್ಲೂಕಿನ ಅತಿ ಪ್ರಸಿದ್ಧ ಜಮೀನು ದಾಖಲೆ ಯಾವುದು ಗೊತ್ತಾ? ಆತಕೂರಿನ ಶಾಸನ. ಕ್ರಿ.ಶ. 949-50ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಅವನ ಪರ ಹೋರಾಡಿದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಕಥೆ ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಕೊನೆಯ ಷರತ್ತುಗಳು. ಪೂಜೆ ಮಾಡಬೇಕಾದ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ. ಬಿಟ್ಟ ಭೂಮಿಯನ್ನು ಕೆಡಿಸಿದವನಿಗೂ ಪಾಪ.

ಅಂದ್ರೆ ದಾನಪತ್ರ, ಷರತ್ತು, ದಂಡ, ಮೂರೂ ಒಂದೇ ಕಲ್ಲಿನಲ್ಲಿವೆ. ಕಲ್ಲಿನ ಅನುಕೂಲ ಏನಂದ್ರೆ ರಾತ್ರೋರಾತ್ರಿ ತಿದ್ದೋಕಾಗಲ್ಲ, ಮತ್ತೆ ಅದು ಊರಿನ ನಡುವೆ ಎಲ್ಲರ ಕಣ್ಣೆದುರಿಗೆ ಇರುತ್ತೆ. ಅನಾನುಕೂಲ, ಓದೋಕೆ ಬರೋರು ನಾಲ್ಕು ಜನ. ಉಳಿದವರು ಅವರ ಬಾಯಿಂದಲೇ ಕೇಳಬೇಕು. 1894ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೇ ಸಂಪುಟದಲ್ಲಿ ಈ ಭಾಗದ ಶಾಸನಗಳನ್ನು ಅಚ್ಚು ಹಾಕಿಸಿದರು. ಆತಕೂರಿನ ಕಲ್ಲು ಆಮೇಲೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸೇರಿತು.

ಕಲ್ಲು ದಾನ ದತ್ತಿಗೆ ಸರಿ. ದಿನದಿನದ ಲೆಕ್ಕಕ್ಕೆ ಆಗಲ್ಲ. ಅದಕ್ಕೆ ಇದ್ದದ್ದು ಓಲೆಗರಿ, ಮತ್ತೆ ಕಡತ. ಕಡತ ಅಂದ್ರೆ ಇವತ್ತು ನಮಗೆ ಸರ್ಕಾರಿ ಫೈಲು. ‘ಕಡತ ವಿಲೇವಾರಿ’ ಅಂತ ಪೇಪರ್‌ನಲ್ಲಿ ಓದ್ತೀವಲ್ಲ. ಮೂಲದಲ್ಲಿ ಕಡತ ಅಂದ್ರೆ ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಚಿ, ಬಳಪದಿಂದ ಬರೀತಿದ್ರು. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ, ನಮ್ಮ ಡಾರ್ಕ್ ಮೋಡ್ ಥರ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ನೂರಾರು ವರ್ಷ ಉಳ್ಕೊಂಡು ಇತಿಹಾಸಕಾರರಿಗೆ ಸಿಕ್ಕಿವೆ. ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು, ವ್ಯಾಪಾರಿಗಳಿಗೆ ಅದೇ ಬೇಕಾಗಿದ್ದು. ಆದರೆ ತಿದ್ದಬಹುದಾದ ದಾಖಲೆ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತೆ. ಅದು ಯಾರ ಮನೇಲಿರುತ್ತೆ? ಯಾರು ಬಿಚ್ಚುತ್ತಾರೆ?

ಹಳೇ ಮೈಸೂರಿನ ಹಳ್ಳಿಗಳಲ್ಲಿ ಉತ್ತರ ಒಂದೇ, ಶಾನುಭೋಗರು. ಜಮೀನಿನ ಲೆಕ್ಕ ಅವರ ಮನೆಯ ಪೆಟ್ಟಿಗೆಯಲ್ಲಿ, ಅವರ ಕೈಬರಹದಲ್ಲಿ ಇರೋದು. ವಂಶಪಾರಂಪರ್ಯದ ಕೆಲಸ, ಅಪ್ಪನಿಂದ ಮಗನಿಗೆ. ಬಟ್ಟೆ ಹೋಗಿ ಕಾಗದ ಬಂದರೂ ಪೆಟ್ಟಿಗೆ ಅಲ್ಲೇ ಇತ್ತು. ಒಳ್ಳೆಯ ಶಾನುಭೋಗರಿದ್ದ ಊರಲ್ಲಿ ಅರ್ಧ ಜಗಳ ಕೋರ್ಟಿಗೇ ಹೋಗ್ತಿರಲಿಲ್ಲ ಅಂತ ಹಳಬರು ಹೇಳೋದನ್ನ ಕೇಳಿದ್ದೀನಿ. ಕೆಟ್ಟವರಿದ್ದ ಊರಿನ ಕಥೆಗಳನ್ನೂ ಅದೇ ಹಳಬರು ಹೇಳ್ತಾರೆ.

ಕೋರ್ಟಿನ ಭಾಷೆಯನ್ನೇ ನೋಡಿ. ವಕೀಲ, ಕಚೇರಿ, ಅರ್ಜಿ, ದಾವೆ, ತಕರಾರು, ಜಾಮೀನು, ನಕಲು, ಎಲ್ಲಾ ಫಾರ್ಸಿ-ಅರಬ್ಬಿ-ಹಿಂದೂಸ್ತಾನಿ ದಾರಿಯಲ್ಲಿ ಬಂದವು. ನಮ್ಮ ಪಹಣಿಯಲ್ಲಿ ಹೆಸರಿನ ಮುಂದೆ ‘ಬಿನ್’ ಇರುತ್ತಲ್ಲ, ಇಂಥವರ ಮಗ ಅನ್ನೋಕೆ, ಅದೂ ಅರಬ್ಬಿಯೇ. ಮೇಲೆ ಇಂಗ್ಲಿಷಿನ ಜಡ್ಜು, ನೋಟೀಸು, ಸ್ಟೇ ಬಂದು ಕೂತವು. ಮಂಡ್ಯದ ಗೌಡರು ಕೋರ್ಟಿಗೆ ಹೋದ್ರೆ ಪರದೇಶಕ್ಕೆ ಹೋದಂಗೆ. ಜೊತೆಗೊಬ್ಬ ದುಭಾಷಿ ಬೇಕು. ವಕೀಲರ ಕೆಲಸದಲ್ಲಿ ಅರ್ಧ ಭಾಗ ಯಾವಾಗಲೂ ಅದೇ ಆಗಿತ್ತು ಅನ್ಸುತ್ತೆ, ಓದಿ ಹೇಳೋದು.

ಬೆಂಗಳೂರಿನ ಅಠಾರ ಕಚೇರಿ ಕಟ್ಟಡ ಮುಗಿದದ್ದು 1868ರಲ್ಲಿ. ಸರ್ಕಾರದ ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತಂದಿದ್ದಕ್ಕೆ ಆ ಹೆಸರು. ಮೈಸೂರು ಸಂಸ್ಥಾನಕ್ಕೆ ಚೀಫ್ ಕೋರ್ಟ್ ಬಂದದ್ದು 1884ರಲ್ಲಿ, ಅದು ಹೈಕೋರ್ಟ್ ಅಂತ ಆದದ್ದು 1930ರಲ್ಲಿ. ಈ ನಡುವೆ 1880ರ ದಶಕದ ಶುರುವಿನಲ್ಲಿ ಬೆಂಗಳೂರು-ಮೈಸೂರು ರೈಲು ಮದ್ದೂರಿನ ಮೇಲೆ ಓಡಾಡೋಕೆ ಶುರುವಾಯ್ತು. ವಕೀಲಿ ವೃತ್ತಿಯನ್ನು ಬದಲಾಯಿಸಿದ ಯಂತ್ರ ಅಂದ್ರೆ ನಮಗೆ ಕಂಪ್ಯೂಟರ್ ನೆನಪಾಗುತ್ತೆ. ನನ್ನ ಲೆಕ್ಕದಲ್ಲಿ ಮೊದಲನೆಯದು ರೈಲು. ಅಪೀಲಿಗೆ ಬೆಂಗಳೂರಿಗೆ ಹೋಗೋದು ಅನ್ನೋ ಮಾತಿಗೆ ಅರ್ಥ ಬಂದದ್ದು ಬೆಳಿಗ್ಗೆ ಹೊರಟು ಕೋರ್ಟಿನ ಹೊತ್ತಿಗೆ ತಲುಪಬಹುದು ಅಂತಾದ ಮೇಲೆ.

ಆಮೇಲೆ ಟೈಪ್‌ರೈಟರು. ಕೈಬರಹದ ಅರ್ಜಿಗಳ ಜಾಗಕ್ಕೆ ಕಾರ್ಬನ್ ಇಟ್ಟು ಹೊಡೆದ ಪ್ರತಿಗಳು ಬಂದವು. ಕೋರ್ಟಿನ ಮುಂದಿನ ಮರದ ಕೆಳಗೆ ಸ್ಟೂಲು, ಮೆಷಿನ್ ಇಟ್ಕೊಂಡು ಕೂತ ಟೈಪಿಸ್ಟರು ಒಂದು ಹೊಸ ಕಸುಬೇ ಆದ್ರು. ಮೊದಮೊದಲು ಎಲ್ಲಾ ಇಂಗ್ಲಿಷ್. ಅನಂತಸುಬ್ಬರಾಯರು ಕನ್ನಡದ ಕೀಲಿಮಣೆ ರೂಪಿಸಿದ ಮೇಲೆ ಕನ್ನಡದ ಒತ್ತಕ್ಷರಗಳೂ ಮೆಷಿನ್ನಿಗೆ ಒಗ್ಗಿದವು. ಇದು ನಮ್ಮಂಥ ಮನೆಗಳಿಗೆ ಸಣ್ಣ ವಿಷಯ ಅಲ್ಲ. ಅರ್ಜಿ ಕನ್ನಡದಲ್ಲಿದ್ರೆ ಊರಿನ ಮೇಷ್ಟ್ರೂ ಓದಿ ಹೇಳಬಹುದು, ವಕೀಲರೇ ಬೇಕಿಲ್ಲ. ಹೈಕೋರ್ಟಿನ ಭಾಷೆ ಮಾತ್ರ ಸಂವಿಧಾನದ 348ನೇ ವಿಧಿಯ ಪ್ರಕಾರ ಇವತ್ತಿಗೂ ಇಂಗ್ಲಿಷೇ.

ಜೆರಾಕ್ಸ್ ಬರೋವರೆಗೂ ನಕಲು ಅಂದ್ರೆ ಯಾರೋ ಕೂತು ನೋಡಿ ಬರೆಯೋದು ಅಥವಾ ಟೈಪ್ ಮಾಡೋದು. ಪ್ರತಿ ಸಲ ನಕಲಾದಾಗಲೂ ಒಂದು ೬, ೯ ಆಗೋ ಸಾಧ್ಯತೆ ಇರೋದು. ಜೆರಾಕ್ಸ್ ಮೆಷಿನ್ ತಪ್ಪು ಮಾಡಲ್ಲ, ಮೊದಲೇ ಇರೋ ತಪ್ಪನ್ನು ತಿದ್ದೋದೂ ಇಲ್ಲ.

1961ರಲ್ಲಿ ಎರಡು ಕಾಯ್ದೆಗಳು ಬಂದವು. ಒಂದು, ದೇಶದ ಅಡ್ವೊಕೇಟ್ಸ್ ಆ್ಯಕ್ಟ್. ವಕೀಲ, ಪ್ಲೀಡರ್, ಮುಖ್ತಾರ್ ಅಂತ ಬೇರೆ ಬೇರೆ ದರ್ಜೆಗಳಿದ್ದ ವೃತ್ತಿಯನ್ನು ಅದು ಒಂದು ಮಾಡಿತು. ಇನ್ನೊಂದು ನಮ್ಮ ರಾಜ್ಯದ್ದು, ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ. 1963ರಲ್ಲಿ ಜಾರಿಯಾಗಿ, ವಂಶಪಾರಂಪರ್ಯದ ಶಾನುಭೋಗ, ಪಟೇಲ ಹುದ್ದೆಗಳು ಹೋದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪೆಟ್ಟಿಗೆ ಒಂದು ಮನೆಯಿಂದ ಹೊರಗೆ ಬಂದು ಸರ್ಕಾರದ್ದಾಯ್ತು. ಆದರೂ ಪಹಣಿ ಬೇಕಂದ್ರೆ ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕ್ಕೊಂಡು ಹೋಗೋದು ತಪ್ಪಲಿಲ್ಲ.

ಅದನ್ನು ತಪ್ಪಿಸಿದ್ದು ಭೂಮಿ ಯೋಜನೆ. 2000ದ ಹೊತ್ತಿಗೆ ಶುರುವಾಗಿ ಒಂದೆರಡು ವರ್ಷದಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ಆಗ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ, ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು, ಓದಿದ್ದು ಕಾನೂನು. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕಿನ ಕಿಟಕಿಯಲ್ಲಿ 15 ರೂಪಾಯಿ ಕೊಟ್ರೆ ಪ್ರಿಂಟು ಸಿಗ್ತಿತ್ತು. ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ಮಾಡಿದ್ರು ಅನ್ನೋದು ದಾಖಲಾಗುತ್ತೆ. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಮುಂದಕ್ಕೆ ಹೋಗಬೇಕು. ಕಾಲೇಜಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದೋವಾಗ ‘ಕ್ಯೂ’ ಅಂತ ಕಲಿತೀವಲ್ಲ, ಅದೇ. ಬಿಇ ಮಾಡ್ತಿದ್ದಾಗ ಮೊದಲ ಸಲ ಇದನ್ನ ಓದಿ, ಸಾಫ್ಟ್‌ವೇರ್ ಅಂದ್ರೆ ಇದಪ್ಪಾ ಅಂದ್ಕೊಂಡಿದ್ದೆ. ಲಂಚ ಕೊಟ್ಟು ಸಾಲು ಮುರಿಯೋದನ್ನ ನಾಲ್ಕು ಸಾಲಿನ ಕೋಡ್ ತಡೆಯೋದು ನನಗೆ ಈಗಲೂ ಸಣ್ಣ ವಿಷಯ ಅನ್ಸಲ್ಲ.

ಆದ್ರೆ ಕಂಪ್ಯೂಟರ್ ಏರಿಸ್ಕೊಂಡಿದ್ದು ಕೈಬರಹದ ಪಹಣಿಯಲ್ಲಿ ಏನಿತ್ತೋ ಅದನ್ನೇ. ನಮ್ಮನೆಯ ಒಂಬತ್ತು ಗುಂಟೆ ಈಗ ನೀಟಾದ ಅಕ್ಷರದಲ್ಲಿ, ಬಾರ್‌ಕೋಡಿನ ಜೊತೆ ಬರುತ್ತೆ. ಹಳೆಯ ಕಾಗದ ನೋಡಿದ್ರೆ, ಇದು ಆರೋ ಒಂಬತ್ತೋ ಅಂತ ಅನುಮಾನಕ್ಕಾದರೂ ಜಾಗ ಇತ್ತು. ಪ್ರಿಂಟ್ ನೋಡಿದವರಿಗೆ ಅನುಮಾನವೇ ಬರಲ್ಲ. ಕಾನೂನು ಹೇಳೋದು ಬೇರೆ. ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ನಿಜ ಅಂತ ಊಹಿಸಬಹುದು, ಸುಳ್ಳು ಅಂತ ಸಾಬೀತಾಗೋವರೆಗೆ ಮಾತ್ರ. ಒಡೆತನ ಯಾರದ್ದು ಅಂತ ತೀರ್ಮಾನ ಮಾಡೋದು ಸಿವಿಲ್ ಕೋರ್ಟು. ಹಾಗಾಗಿ ಭೂಮಿ ಬಂದ ಮೇಲೂ ವಕೀಲರ ಕೆಲಸ ನಿಲ್ಲಲಿಲ್ಲ.

ವಕೀಲರ ಕೋಣೆಯೂ ಬದಲಾಯ್ತು. ಗೋಡೆ ತುಂಬಾ ಒಂದೇ ಬಣ್ಣದ ದಪ್ಪ ಪುಸ್ತಕಗಳು ಇರ್ತಿದ್ವಲ್ಲ, 1914ರಿಂದ ಬರ್ತಿರೋ ಎಐಆರ್ ಸಂಪುಟಗಳು, ಅವೇ ಒಬ್ಬ ವಕೀಲರ ಆಸ್ತಿ. ಪುಸ್ತಕ ಇದ್ದ ಹಿರಿಯರ ಆಫೀಸಿಗೆ ಕಿರಿಯರು ಸೇರ್ಕೋತಿದ್ದದ್ದಕ್ಕೆ ಅದೂ ಒಂದು ಕಾರಣ. 2008ರ ಜನವರಿಯಲ್ಲಿ ಸುಶಾಂತ್ ಸಿನ್ಹಾ ಅನ್ನೋ ಕಂಪ್ಯೂಟರ್ ಸೈನ್ಸ್‌ನವರು ‘ಇಂಡಿಯನ್ ಕಾನೂನ್’ ಅನ್ನೋ ಹುಡುಕುತಾಣ ಶುರು ಮಾಡಿದ್ರು. ತೀರ್ಪುಗಳು, ಕಾಯ್ದೆಗಳು ಎಲ್ಲಾ ಉಚಿತ. ತಾಲ್ಲೂಕು ಕೋರ್ಟಿನ ಕಿರಿಯ ವಕೀಲೆಗೂ ದೆಹಲಿಯ ದೊಡ್ಡ ವಕೀಲರಿಗೂ ಒಂದೇ ಲೈಬ್ರರಿ ಸಿಕ್ಕ ಹಾಗಾಯ್ತು.

2002ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ತಿದ್ದುಪಡಿಯಾಗಿ, ಸಾಕ್ಷಿಯ ಮುಖ್ಯ ವಿಚಾರಣೆಯನ್ನು ಅಫಿಡವಿಟ್ ಮೂಲಕ ಕೊಡೋದು ಅಂತಾಯ್ತು. ಮುಂಚೆ ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಲ್ಲಿ ಹೇಳಬೇಕಿತ್ತು. ಈಗ ಕಂಪ್ಯೂಟರಿನಲ್ಲಿ ತಯಾರಾದ ಹೇಳಿಕೆಗೆ ಸಹಿ, ಪಾಟೀಸವಾಲು ಮಾತ್ರ ಬಾಯಲ್ಲಿ. ಸಮಯ ಉಳೀತು. ಅಪ್ಪನ ಅಫಿಡವಿಟ್ ಓದಿದ್ದೀನಿ. “ಸದರಿ ಸ್ವತ್ತಿನ ಚೆಕ್ಕುಬಂದಿಯು” ಅಂತ ಶುರುವಾಗುತ್ತೆ. ಅಪ್ಪ ಜೀವಮಾನದಲ್ಲಿ ‘ಸದರಿ’ ಅಂದವರಲ್ಲ.

ಕೊರೋನ ಬಂದಾಗ ಕೋರ್ಟುಗಳು ವಿಡಿಯೋ ಕಾಲ್‌ಗೆ ಹೋದವು. 2021ರ ಮೇ 31ರಂದು ಕರ್ನಾಟಕ ಹೈಕೋರ್ಟು ಪ್ರಾಯೋಗಿಕವಾಗಿ ಕಲಾಪವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ಊರ ನಡುವಿನ ಕಲ್ಲಿನ ಥರ, ಮತ್ತೆ ಎಲ್ಲರ ಕಣ್ಣೆದುರಿಗೆ. ತೊಂದರೆಗಳೂ ಬಂದವು. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದಕ್ಕೆ ವಿಡಿಯೋ ಕಾನ್ಫರೆನ್ಸನ್ನೇ ಕೆಲಕಾಲ ನಿಲ್ಲಿಸಬೇಕಾಯ್ತು. 2025ರಲ್ಲಿ ಬೆಂಗಳೂರಿನ ಒಂದು ವಿಚಾರಣಾ ಕೋರ್ಟಿನ ಆದೇಶದಲ್ಲಿ ಉಲ್ಲೇಖವಾಗಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲ ಅಂತ ಹೈಕೋರ್ಟು ಗುರುತಿಸಿತು. ಅದಕ್ಕೆ ಎರಡು ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತ್ತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ನನಗೆ ಒಂದು ಹಳೆಯ ಪರಿಚಯದವರು ಸಿಕ್ಕಿದ್ರು. ಡಿಜಿಟಲ್ ದಾಖಲೆ ಹಾಜರುಪಡಿಸೋವಾಗ ಕೊಡೋ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯ ನಮೂದಿಸಬೇಕು. ಫೈಲಿನ ಒಂದು ಅಕ್ಷರ ಬದಲಾದ್ರೂ ಹ್ಯಾಶ್ ಪೂರ್ತಿ ಬದಲಾಗುತ್ತೆ. ಆತಕೂರಿನ ಕಲ್ಲಲ್ಲಿ ನಾಯಿಯ ಪಾಪ ಕಾಯ್ತಿದ್ದದ್ದನ್ನ ಈಗ ಎಸ್‌ಎಚ್‌ಎ-256 ಕಾಯುತ್ತೆ. ತಾತ ಪಾಲು ಮಾಡಿದ ರಾತ್ರಿ ಎರಡು ಪ್ರತಿಗೂ ಹ್ಯಾಶ್ ಇದ್ದಿದ್ರೆ, ಎರಡೂ ಒಂದೇ ಅಲ್ಲ ಅಂತ ಆಗಲೇ ಗೊತ್ತಾಗ್ತಿತ್ತು. ಯಾವುದು ಸರಿ ಅಂತ ಆಗಲೂ ಗೊತ್ತಾಗ್ತಿರಲಿಲ್ಲ. ಅದನ್ನ ತಾತನನ್ನೇ ಕೇಳಬೇಕಿತ್ತು.

ಇಷ್ಟೆಲ್ಲಾ ಓದಿದ ಮೇಲೆ ನನಗನ್ಸಿದ್ದು ಇಷ್ಟು. ಕಲ್ಲು, ಕಡತ, ಕಾಗದ, ಕಂಪ್ಯೂಟರು ಯಾವುದೇ ಬರಲಿ, ಓದಿ ಹೇಳೋ ಕೆಲಸ ಹೋಗಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ ಅಷ್ಟೇ. ಶಾನುಭೋಗರಿಂದ ಗ್ರಾಮ ಲೆಕ್ಕಿಗರಿಗೆ, ವಕೀಲರ ಗುಮಾಸ್ತರಿಗೆ, ಟೈಪಿಸ್ಟರಿಗೆ, ಈಗ ನಮಗೆ. ನಿಮ್ಮ ಫೋನ್ ತೆಗೆದು ನೋಡಿ. ಅಪ್ಪನ ಪಹಣಿ, ಅಮ್ಮನ ಆಧಾರ್, ಮಾವನ ಕೇಸ್ ನಂಬರ್, ಯಾರದ್ದೋ ಒಟಿಪಿ, ಎಲ್ಲಾ ಅದರಲ್ಲೇ ಇರ್ತವೆ. ಊರಿನ ಹೊಸ ಶಾನುಭೋಗರು ನಾವೇ. ಬೆಂಗಳೂರಲ್ಲಿ ಕೂತಿದ್ದೀವಿ, ಮೀಟಿಂಗ್ ಮಧ್ಯೆ ಮ್ಯೂಟ್ ಮಾಡ್ಕೊಂಡು ಒಂದು ತಾರೀಖು ಹೇಳಿ ಇಟ್ಬಿಡ್ತೀವಿ.

ಆ ಸಂಜೆ ಶುಕ್ರವಾರದ ಆದೇಶ ಹುಡುಕಿ ತೆಗೆದೆ. ಕನ್ನಡದಲ್ಲೇ ಇತ್ತು, ಎರಡು ಸಾಲು. ಅಪ್ಪನಿಗೆ ಫೋನ್ ಮಾಡಿ ಓದಿದೆ. ಪಾಟೀಸವಾಲಿಗೆ ಪ್ರತಿವಾದಿ ಗೈರುಹಾಜರು, ಅವರ ವಕೀಲರ ಕೋರಿಕೆ ಮೇರೆಗೆ ಮುಂದೂಡಲಾಗಿದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಅವನು ಒಂದು ವಾಯಿದೆನೂ ತಪ್ಪಿಸ್ದೋನಲ್ಲ. ಹುಷಾರಿಲ್ವೇನೋ” ಅಂದ್ರು.

ನನಗೆ ಆಗ ನೆನಪಾಯ್ತು. ಚಿಕ್ಕಪ್ಪ ಮಳವಳ್ಳಿಗೆ ಹೋಗಿ ನೆಲೆಸಿ ಎಷ್ಟೋ ವರ್ಷ ಆಯ್ತು. ಹಬ್ಬಕ್ಕೆ ಬರಲ್ಲ, ನಾವೂ ಹೋಗಲ್ಲ. ಅಣ್ಣ ತಮ್ಮ ಮುಖ ನೋಡ್ತಿದ್ದದ್ದು ವಾಯಿದೆ ದಿನ ಮಾತ್ರ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ಕೇಸು ಮುಂದಕ್ಕೆ ಹೋದ ಮೇಲೆ ಹೋಟೆಲಿನಲ್ಲಿ ಮದ್ದೂರು ವಡೆ ತಿಂದು, ಯಾರೋ ಒಬ್ಬರು ದುಡ್ಡು ಕೊಟ್ಟು, ಬೇರೆ ಬೇರೆ ಬಸ್ ಹತ್ತೋರು. ಕೊರೋನ ಆದ್ಮೇಲೆ ಅಪ್ಪ ಹೋಗೋದು ಬಿಟ್ರು. ಆ್ಯಪ್ ಇದೆಯಲ್ಲ, ಸುಮ್ನೆ ಯಾಕೆ ಹೋಗ್ತೀರ ಅಂತ ಹೇಳಿದ್ದು ನಾನೇ.

ಮೈಸೂರಲ್ಲಿ ಕೆಲಸದಲ್ಲಿರೋ ಚಿಕ್ಕಪ್ಪನ ಮಗಳಿಗೆ ವಾಟ್ಸಾಪ್ ಮಾಡಿದೆ. ನಾಲ್ಕು ವರ್ಷದ ಹಿಂದಿನ ಒಂದು ಹಬ್ಬದ ಶುಭಾಶಯದ ಕೆಳಗೆ. ಅವಳೇ ಆ ಮನೆಯ ಶಾನುಭೋಗಳು, ಅದೇ ಸಿಎನ್‌ಆರ್ ನಂಬರು ಅವಳ ಫೋನಲ್ಲೂ ಇದೆ. ಚಿಕ್ಕಪ್ಪನಿಗೆ ಸಕ್ಕರೆ ಜಾಸ್ತಿಯಾಗಿ ಕಾಲಿನ ಗಾಯ ವಾಸಿ ಆಗ್ತಿಲ್ಲ, ಆಸ್ಪತ್ರೆಯಲ್ಲಿದ್ದಾರೆ ಅಂತ ಬರೆದಳು. ಅಪ್ಪನಿಗೆ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ ಮಳವಳ್ಳಿಗೆ ಹೋದ್ರು. ಏನು ಮಾತಾಡಿದ್ರಿ ಅಂತ ಕೇಳಿದ್ದಕ್ಕೆ, “ಏನಿಲ್ಲ, ಕೂತಿದ್ದು ಬಂದೆ” ಅಂದ್ರು.

ಕೇಸು ಇನ್ನೂ ನಡೀತಿದೆ. ಮುಂದಿನ ತಾರೀಖು ನನ್ನ ಫೋನಲ್ಲಿದೆ. ಅವತ್ತು ಅಪ್ಪ ತಾವೇ ಹೋಗ್ತಾರಂತೆ.